ಅಕ್ಕನ ರಕ್ತನಾಳಕ್ಕೆ ಇಟ್ಟ ಸ್ಪಂಜು

ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ಇಂಗ್ಲಿಷ್ ಕಲಿತದ್ದು ಡಲ್ಲಾಸಿಗೆ ಬಂದ ಮೇಲೆ, ಕಿರಾಣಿ ಸಾಮಾನಿನ ವ್ಯಾನ್ ಓಡಿಸುತ್ತ. ಕ್ಯಾರಲ್ಟನ್ನಿನ ಗೋದಾಮಿನಿಂದ ಹ್ಯೂಸ್ಟನ್, ಆಸ್ಟಿನ್ ಅಂಗಡಿಗಳಿಗೆ ಅಕ್ಕಿ, ಬೇಳೆ, ಜೋಳದ ಹಿಟ್ಟು ಮುಟ್ಟಿಸುವುದು ನನ್ನ ಕೆಲಸ. ಈ ದೇಶಕ್ಕೆ ನನ್ನನ್ನು ಕರೆಸಿಕೊಂಡವಳು ಅಕ್ಕ. ಭಾವ ತೀರಿಹೋದ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಾಳೆ. ಅವಳ ಲಿವರ್‌ನಲ್ಲಿ ಗಡ್ಡೆ ಕಂಡಾಗ ಆಸ್ಟಿನ್‌ನಲ್ಲಿರುವ ಅವಳ ಮಗಳು ಫೋನಿನಲ್ಲೇ ಡಾಕ್ಟರ ಜೊತೆ ಮಾತಾಡಿ ನಮಗೆ ತಿಳಿಸುತ್ತಿದ್ದಳು. ಹ್ಯೂಸ್ಟನ್ನಿನ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು.

ಹೊಟ್ಟೆ ಕೊಯ್ಯುವಂತಿರಲಿಲ್ಲ. ತೊಡೆಸಂದಿನ ರಕ್ತನಾಳದಲ್ಲಿ ಸಣ್ಣ ನಳಿಕೆ ತೂರಿಸಿ, ಪರದೆಯ ಮೇಲೆ ನೋಡುತ್ತ ಗಡ್ಡೆಯ ತನಕ ಹೋಗಿ, ಔಷಧಿ ಬಿಟ್ಟು, ಅದಕ್ಕೆ ರಕ್ತ ಹರಿಯುವ ದಾರಿಯನ್ನೇ ಮುಚ್ಚುತ್ತಾರೆ. ಹೊಲಕ್ಕೆ ಬರುವ ನೀರು ಕಟ್ಟಿದ ಹಾಗೆ ಎಂದು ನಾನು ಹೇಳಿದಾಗ ಅಕ್ಕ, "ಕಟ್ಲಿ ಬಿಡು, ಒಣಗಿ ಸಾಯ್ಲಿ ಅದು" ಎಂದಿದ್ದಳು.

ಮೊದಲ ಸಲ ನನ್ನ ತಪ್ಪಿನಿಂದ ಹಾಗೇ ವಾಪಸ್ ಬಂದೆವು. ಖಾಲಿ ಹೊಟ್ಟೆ ಎಂದರೂ ಹಾಲು ನಡೆಯುತ್ತದೆ ಎಂದುಕೊಂಡು ಕುಡಿಸಿಬಿಟ್ಟಿದ್ದೆ. ಹೋಗಿ ಬಂದು ಎಂಟು ತಾಸು. ಎರಡನೇ ಸಲ ಹೋದದ್ದು ಹಿಂದಿನ ದಿನವೆಲ್ಲ ವ್ಯಾನ್ ಓಡಿಸಿ ಮೈ ಮುರಿದಿದ್ದಾಗ. ಮಗಳು ಮೀಟಿಂಗಿನಲ್ಲಿದ್ದಳು, ಫೋನ್ ಎತ್ತಲಿಲ್ಲ. ಅಕ್ಕ ಕೊರಳಿನ ಲಿಂಗ ಬಿಚ್ಚಿ ನನ್ನ ಅಂಗೈಗೆ ಕೊಟ್ಟು, "ಕೆಳಗ ಇಡಬ್ಯಾಡ" ಎಂದಳು.

ನರ್ಸ್ ನಿಧಾನವಾಗಿ ಹೇಳಿದಳು. ದಾರಿ ಮುಚ್ಚಲು ಇಡುವುದು ಸ್ಪಂಜಿನ ಚೂರುಗಳು. ಹಂದಿಯ ಚರ್ಮದ ಜೆಲಾಟಿನ್ನಿನಿಂದ ಮಾಡಿದ್ದು, ಕೆಲವು ವಾರಗಳಲ್ಲಿ ಕರಗುತ್ತದೆ. ನಿಮ್ಮ ಧರ್ಮಕ್ಕೆ ಆಗದಿದ್ದರೆ ಹೇಳಿ, ಪ್ಲಾಸ್ಟಿಕ್ಕಿನಂಥ ಸಣ್ಣ ಮಣಿಗಳೂ ಇವೆ, ಡಾಕ್ಟರನ್ನು ಕರೆದು ಕೇಳೋಣ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಇದು ಪೂರ್ತಿ ತಿಳಿಯಿತು.

"ಏನಂತಾಳ?" ಅಕ್ಕ ಕೇಳಿದಳು.

"ಹತ್ತಿಯಂಥಾದು ಏನೋ ಇಡ್ತಾರಂತ."

"ಮಾಂಸದ್ದು ಗೀಂಸದ್ದು ಏನಿಲ್ಲಲ್ಲ?"

ಗುಳಿಗೆಯ ಕವಚದಲ್ಲೂ ಪ್ರಾಣಿಯದ್ದಿರುತ್ತದೆ ಎಂದು ಅದನ್ನು ಬಿಚ್ಚಿ, ಕಹಿಪುಡಿಯನ್ನಷ್ಟೇ ನೀರಿನಲ್ಲಿ ಕದಡಿ ಕುಡಿಯುವವಳು ಅವಳು.

"ಏನಿಲ್ಲ ಅಕ್ಕಾ."

ನರ್ಸಿಗೆ ಓಕೆ ಎಂದೆ. ಅಕ್ಕ ಕನ್ನಡದಲ್ಲಿ ಸಹಿ ಮಾಡಿದಳು.

ಅವಳ ಜೀವ ಉಳಿಸಲು ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಬೇರೆ ವಸ್ತು ಇತ್ತು. ಡಾಕ್ಟರಿಗೆ ಕಾಯಬೇಕು, ಅಕ್ಕನಿಗೆ ತಿಳಿಸಿ ಹೇಳಬೇಕು, ಮತ್ತೆ ವಾಪಸ್ ಕಳಿಸಿದರೆ ಇನ್ನೊಮ್ಮೆ ಬರಬೇಕು. ನನಗೆ ಸಾಕಾಗಿತ್ತು. ಅಷ್ಟೇ.

ಗಡ್ಡೆ ಕುಗ್ಗಿತು. ಡಲ್ಲಾಸಿನ ಪಕ್ಕದ ಇರ್ವಿಂಗಿನ ಗುಡಿಯಲ್ಲಿ ಅಕ್ಕ ಸಿಕ್ಕಿದ ಹೆಂಗಸರಿಗೆಲ್ಲ, "ಮಗಳು ಫೋನ್‌ನ್ಯಾಗ ಏನ್ ಮಾಡ್ತಾಳ್ರಿ? ನನ್ನ ತಮ್ಮ ಮುಂದ ನಿಂತು ಎಲ್ಲಾ ಕೇಳಿ ಮಾಡ್ಸಿದ" ಎನ್ನುತ್ತಿದ್ದಳು. ನಾನು ಕಾರು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ.

ಉಳಿದ ಭಾಗಕ್ಕೆ ಮತ್ತೊಮ್ಮೆ ಮಾಡಬೇಕಾಯಿತು. ಈ ಸಲ ಬೇರೆ ನರ್ಸ್. ಕಂಪ್ಯೂಟರ್ ನೋಡಿ, ಹೋದ ಸಲದ ಸ್ಪಂಜೇ ಆಗಬಹುದಲ್ಲ ಎಂದಳು. ಬೇಡ, ಹಂದಿಯದು ಬೇಡ ಎಂದೆ. ಆಗ ಒಪ್ಪಿದ್ದಿರಲ್ಲ ಎಂದು ಅವಳು ನನ್ನನ್ನೂ ಅಕ್ಕನನ್ನೂ ನೋಡಿದಳು.

"ಏನ್ ಬ್ಯಾಡಂದಿ?" ಎಂದಳು ಅಕ್ಕ.

ಹೇಳಿದೆ. ಒಂದೂ ಬಿಡದೆ ಹೇಳಿದೆ.

ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ, "ಕರಗೇತೇನದು?" ಎಂದಳು.

"ಕರಗಿರತೈತಿ ಅಂತಾರ."

"ಅವತ್ತ ಕೇಳಿದ್ರ ನಾ ಏನಂತಿದ್ದೆ, ಗೊತ್ತೇನ ನಿನಗ?"

"ಬ್ಯಾಡ ಅಂತಿದ್ದಿ."

"ಅಂತಿದ್ದೆನೋ, ಇಲ್ಲೋ. ಕೇಳಬೇಕಿತ್ತಲ್ಲೋ."

ಅಕ್ಕ ತನ್ನ ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

"ಆಕಿಗೆ ಫೋನ್ ಹಚ್ಚು. ಎತ್ತೂತನಾ ಕಾಯೋಣು. ನೀ ಹೊರಗ ಕುಂದ್ರು."

ಮಗಳು ಮೂರನೇ ಸಲಕ್ಕೆ ಎತ್ತಿದಳು. ನಾನು ಬಾಗಿಲಾಚೆ ಕುರ್ಚಿಯಲ್ಲಿ ಕೂತೆ. ಒಳಗೆ ಫೋನಿನಿಂದ ಮಗಳ ಇಂಗ್ಲಿಷ್, ನಡುನಡುವೆ ಅವಳ ತೊದಲು ಕನ್ನಡ. ಅಕ್ಕ ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತಿದ್ದಳು. ಡಾಕ್ಟರ್ ಮಣಿಗಳಿಗೆ ಒಪ್ಪಿದರು. ಅರ್ಧ ತಾಸೂ ಹಿಡಿಯಲಿಲ್ಲ.

ಈಗಲೂ ಹ್ಯೂಸ್ಟನ್ನಿಗೆ ಕರೆದೊಯ್ಯುವವನು ನಾನೇ. ನರ್ಸ್ ಕಾಗದ ಹಿಡಿದು ಬಂದ ಕೂಡಲೇ, ಅಕ್ಕನಿಂದ ಹೇಳಿಸಿಕೊಳ್ಳದೆ ಎದ್ದು ಹೊರಗೆ ಹೋಗುತ್ತೇನೆ.