ಏರಿಯ ಮೇಲಿಟ್ಟ ಹೆಸರು

ತೆಪ್ಪ ಮಗುಚಬಹುದಿತ್ತು. ಮಗುಚಿದರೆ ನನಗೆ ಈಜು ಬರುವುದಿಲ್ಲ; ಸಮುದ್ರದ ದಂಡೆಯಲ್ಲಿ ಹುಟ್ಟಿದವನಿಗೆ ಈಜು ಬರುವುದಿಲ್ಲವೆಂದರೆ ಮಧುಗಿರಿಯಲ್ಲಿ ಯಾರೂ ನಂಬುವುದಿಲ್ಲ, ಆದ್ದರಿಂದ ಎಳೆದು ತರಲು ಯಾರೂ ಧುಮುಕುತ್ತಲೂ ಇರಲಿಲ್ಲ. ಗಾಳ ನನ್ನ ಕಿವಿಗೇ ಸಿಕ್ಕಬಹುದಿತ್ತು. ಗಾಳದ ದಾರ, ಆ ತಂಗೂಸಿ, ನೀರಲ್ಲಿ ಮುಳುಗಿದ ಜಾಲಿಮರಕ್ಕೆ ಸುತ್ತಿಕೊಂಡು ನನ್ನನ್ನೂ ಒಳಗೆಳೆದುಕೊಳ್ಳಬಹುದಿತ್ತು. ಹಾವು ತೆಪ್ಪ ಹತ್ತಬಹುದಿತ್ತು. ಮಂಜು ಕರಗದೇ ಹೋಗಬಹುದಿತ್ತು. ಮೀನು ಸಿಗದಿರಬಹುದಿತ್ತು, ಆಗ ಅದೇ ಮಧ್ಯಾಹ್ನ ಬಸ್ಸಿಳಿಯಲಿದ್ದ ನನ್ನ ಹೆಂಡತಿ ಮರುದಿನದ ಬಸ್ಸಿಗೇ ವಾಪಸು ಹತ್ತಬಹುದಿತ್ತು. ಕಡೆಯದಾಗಿ, ನೀರಿನ ಮೇಲೆ ಯಾರೋ ನನ್ನ ಹೆಸರು ಹಿಡಿದು ಕೂಗಬಹುದಿತ್ತು. ಇದನ್ನು ಪಟ್ಟಿಗೆ ಸೇರಿಸಿದವನು ನಾನಲ್ಲ, ತೆಪ್ಪದಲ್ಲಿ ಜೊತೆಗಿದ್ದ ಈರಣ್ಣ.

ಎಪ್ಪತ್ತರ ದಶಕದ ಕೊನೆಯಲ್ಲಿ ಪಶು ಆಸ್ಪತ್ರೆಯ ಕಾಂಪೌಂಡರ್ ಆಗಿ ಕುಂದಾಪುರದ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದೆ. ಅಲ್ಲಿ ಬಾಗಿಲು ತೆಗೆದರೆ ನೀರು, ಇಲ್ಲಿ ಬಾಗಿಲು ತೆಗೆದರೆ ಬಂಡೆ. ಊರಿನ ಬೆನ್ನಿಗೆ ಒಂದೇ ಕಲ್ಲಿನ ಬೋಳು ಬೆಟ್ಟ. ಎಲ್ಲಿ ಹೋದರೂ ಅದು ಹಿಂದಿನಿಂದ ನೋಡುತ್ತಿರುವ ಹಾಗೆ. ನಮ್ಮ ಕಡೆ ಸದ್ದು ನಿಂತರೆ ಏನೋ ಆಗಿದೆ ಎಂದು ಅರ್ಥ. ಇಲ್ಲಿ ಸದ್ದು ಬಂದರೆ ಏನೋ ಆಗಿದೆ ಎಂದು ಅರ್ಥ. ಮೊದಲ ವಾರ ಅಲೆಯ ಸದ್ದಿಲ್ಲದೆ ನಿದ್ದೆ ಹತ್ತಲಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಯಾರೋ ಹೇಳುವಷ್ಟರಲ್ಲಿ ನನ್ನ ದವಡೆ ಸೋತಿತ್ತು.

ಮನೆ ಬಾಡಿಗೆಗೆ ಕೊಟ್ಟ ಗುರುಬಸಮ್ಮನವರು ಹಣೆತುಂಬ ವಿಭೂತಿ ಧರಿಸಿ ಬಾಗಿಲಲ್ಲೇ ತಡೆದರು. "ಮೀನು ಮಾಂಸ ನಮ್ಮ ಹೊಸ್ಲು ದಾಟಂಗಿಲ್ಲ ಕಣಪ್ಪ. ಅದೇನದು ಕೈಯಾಗೆ ಉದ್ದದ ಕೋಲು?"

"ನುಗ್ಗೆಕಾಯಿ ಕೀಳೋದಕ್ಕಮ್ಮ" ಎಂದುಬಿಟ್ಟೆ.

ಅಂದಿನಿಂದ ಅವರ ಹಿತ್ತಿಲ ನುಗ್ಗೆಮರದ ಜವಾಬ್ದಾರಿ ನನ್ನದಾಯಿತು. ಸಮುದ್ರಕ್ಕೆಂದು ಆರಿಸಿ ತಂದ ಗಾಳದ ಕೋಲು ಒಂದು ವರ್ಷ ಹಿಡಿದದ್ದೆಲ್ಲ ನುಗ್ಗೆಕಾಯಿಯೇ.

ಆ ಕೋಲನ್ನು ಆರಿಸಲು ನಾನು ಪಟ್ಟ ಪಾಡು ಹೆಣ್ಣು ನೋಡುವಾಗಲೂ ಪಟ್ಟಿರಲಿಲ್ಲ. ಪಕ್ಕದ ಮನೆಯವರ ಪಾತಿ ದೋಣಿಯಲ್ಲಿ ಕಾಲು ಚಾಚಿ ಕೂತು ಮೀನು ಹಿಡಿಯಬೇಕೆಂಬ ಆಸೆ, ಅಷ್ಟೇ ಭಯ. ಬಂದರಿನ ಅಂಗಡಿಯವನನ್ನು ತಿಂಗಳುಗಟ್ಟಲೆ ಕಾಡಿದೆ. "ಮೊದಲ್ನೇ ಸಲವಾ? ಹಾಂಗಾರೆ ಉದ್ದದ್ ಬ್ಯಾಡ" ಎಂದ ಅವನು. "ಕೂಕಂಡ್ ಹಿಡಿವುದಲ್ದಾ, ನಿಮ್ ತಲಿಗಿಂತ ಒಂದ್ ಗೇಣ್ ಹೆಚ್ಚಿದ್ರೆ ಸಾಕ್." ರೀಲಿನಲ್ಲಿ ಎರಡು ಜಾತಿ ತೋರಿಸಿದ. ಒಂದರಲ್ಲಿ ಉರುಳೆಯೇ ಗಿರಗಿರ ತಿರುಗುತ್ತದೆ. ಹೆಬ್ಬೆರಳಿಗೆ ಅಭ್ಯಾಸವಿಲ್ಲದವನ ಕೈಯಲ್ಲಿ ದಾರ ಗುಬ್ಬಚ್ಚಿ ಗೂಡಾಗುತ್ತದೆ. ಇನ್ನೊಂದರಲ್ಲಿ ಉರುಳೆ ಸುಮ್ಮನಿದ್ದು ದಾರ ತಾನೇ ಜಾರಿ ಬೀಳುತ್ತದೆ. ಎರಡನೆಯದು ನನ್ನಂಥವರಿಗೆ. ಉಪ್ಪಿಗೆ ತುಕ್ಕು ಹಿಡಿಯದ್ದೇ ಬೇಕೆಂದು ಹಟ ಮಾಡಿದೆ. ಕೋಲನ್ನು ದೋಣಿಗೆ ಕಟ್ಟಲು ಒಂದು ಹುರಿಯನ್ನೂ ಕೊಟ್ಟು, ರೀಲಿನ ತಿರುಪು ಮುಟ್ಟಿಸಿ ಹೇಳಿದ: "ಇದನ್ ಸಡ್ಲ ಇಟ್ಕಣಿ. ದೊಡ್ಡದ್ ಬಿದ್ರೆ ದಾರ ಹೋಯ್ಲಿ, ನೀವ್ ಹೋಪುದ್ ಬ್ಯಾಡ."

ಕೊಂಡ ವಾರವೇ ವರ್ಗದ ಆದೇಶ ಬಂತು. ಉಪ್ಪುನೀರಿಗೆ ಹೆದರದ ರೀಲು ಹಿಡಿದು ಉಪ್ಪುನೀರೇ ಇಲ್ಲದ ತಾಲ್ಲೂಕಿಗೆ ಬಂದೆ. ಹೊರಡುವ ದಿನ ಹೆಂಡತಿ ಗಿರಿಜೆ ಊರಿನ ಬಸ್‌ಸ್ಟ್ಯಾಂಡಿನಲ್ಲೇ ಹೇಳಿದ್ದಳು: "ಹ್ವಾಯ್, ಮೀನ್ ಇಲ್ದಿದ್ ಊರಗೆ ನಾ ಇಪ್ಪುದಿಲ್ಲೆ. ಸಿಕ್ಕುತ್ತಂದ್ರೆ ಮಾತ್ರ ಕರ್ಸ್ಕಣಿ." ವರ್ಷ ಕಳೆದರೂ ನಾನು ಒಂಟಿ. ಕೊನೆಗೆ, ಸಿಗುತ್ತದೆ ಎಂದು ಸುಳ್ಳೇ ಬರೆದು ಕರೆಸಿಕೊಂಡೆ.

ಅವಳು ಬರುವ ದಿನದ ಬೆಳಗ್ಗೆ ಈರಣ್ಣ ಕರೆದುಕೊಂಡು ಹೋದ. ಬಡವನಹಳ್ಳಿಯ ಕಡೆಯ ಕುರಿಗಾಹಿ ಅವನು. ಅವನ ಟಗರಿಗೆ ಔಷಧ ಕುಡಿಸಿ ಪರಿಚಯವಾಗಿತ್ತು. "ನಮ್ಮ ಕೆರೇಲಿ ಕೊರವ ಮೀನವೆ ಸೋಮಿ, ತೊಡೆ ಗಾತ್ರದವು" ಎಂದಿದ್ದ. ಕೆರೆಯ ಕಟ್ಟೆಗೆ ಇಲ್ಲಿ ಏರಿ ಎನ್ನುತ್ತಾರೆ. ಏರಿಯ ತುಂಬ ಮಂಜು. ಏರಿಯ ಮೇಲೆ ಮುಷ್ಟಿಗಾತ್ರದ ಕಲ್ಲುಗಳು ಸಾಲಾಗಿ ಕೂತಿದ್ದವು.

"ಒಂದು ಕಲ್ಲು ತಗಳಿ. ಅದ್ಕೆ ನಿಮ್ಮೆಸ್ರು ಯೋಳಿ. ಇಲ್ಲೇ ಇಕ್ಕಿ" ಎಂದ ಈರಣ್ಣ.

"ಯಾಕೆ?"

"ನೀರ್ ಮ್ಯಾಲೆ ಎಸ್ರು ತಗಂಡೋಗಬಾರ್ದು. ವಾಪಸ್ ಬಂದ್ಮ್ಯಾಲೆ ಕಲ್ಲೆತ್ಕಂಡು, ಎಸ್ರು ಯೋಳಿ, ಆಮ್ಯಾಕೆ ಮನೀಗೋಗದು. ಅಲ್ಲಿ ಯಾರಾನಾ ಎಸ್ರಿಡಿದು ಕೂಗುದ್ರೆ ಓಗೊಡಂಗಿಲ್ಲ. ನಾನಾದ್ರೆ ಬರೀ ಓಯ್ ಅಂತೀನಿ."

"ಕೂಗೋದು ಯಾರು?"

"ಕೂಗೋರು" ಎಂದು ಬೀಡಿ ಆರಿಸಿದ.

ನಮ್ಮ ಕಡೆ ಇದು ತಲೆಕೆಳಗು. ಮಂಜಿನಲ್ಲಿ ದೋಣಿಯಿಂದ ದೋಣಿಗೆ ಹೆಸರು ಹಿಡಿದು ಕೂಗುತ್ತಾರೆ. ಕೇಳಿಸಿಕೊಂಡವನು "ಓ" ಎನ್ನಲೇಬೇಕು. ಆ ಓ ಕೇಳಿಯೇ ಎಷ್ಟೋ ಜನ ದಡ ಸೇರಿದ್ದಾರೆ. ಆದರೂ ಹೆದರುಪುಕ್ಕಲನಿಗೆ ಇನ್ನೊಬ್ಬರ ಹೆದರಿಕೆಯೂ ತನ್ನದೇ. ಬಗ್ಗಿ ಒಂದು ಕಲ್ಲಿಗೆ "ವಾಸು" ಎಂದು ಹೇಳಿ ಇಟ್ಟೆ.

ತೆಪ್ಪವೆಂದರೆ ಒಣಗಿದ ಕತ್ತಾಳೆಯ ಬೊಂಬುಗಳನ್ನು ಸೇರಿಸಿ ಕಟ್ಟಿದ ಹಾಸು, ಅಷ್ಟೇ. ಕೂತರೆ ನೀರು ಸೊಂಟಕ್ಕೆ ಬರುತ್ತದೆ. ಕೋಲನ್ನು ಹುರಿಯಿಂದ ತೆಪ್ಪಕ್ಕೆ ಕಟ್ಟಿದೆ, ಗಾಳಕ್ಕೆ ಎರೆಹುಳು ಸಿಕ್ಕಿಸಿ ಬೀಸಿದೆ. ದಾರ ಮಂಜಿನೊಳಗೆ ಹೋಯಿತು. ಬಿದ್ದ ಸದ್ದು ಮಾತ್ರ ಬರಲಿಲ್ಲ. ಏರಿಯೂ ಇಲ್ಲ, ಬೆಟ್ಟವೂ ಇಲ್ಲ. ಜಾಲಿಮರಗಳ ತುದಿಗಳು ನೀರಿನಿಂದ ಬೆರಳು ಚಾಚಿದಂತೆ ಅಲ್ಲೊಂದು ಇಲ್ಲೊಂದು ಕಂಡು ಮರೆಯಾದವು.

ಎಷ್ಟೋ ಹೊತ್ತಿನ ಮೇಲೆ ರೀಲು ಟಿಕ್ ಎಂದಿತು. ಮತ್ತೆ ಟಿಕ್. ನಮ್ಮ ಕಡಲಿನ ಮೀನು ಎಳೆದರೆ ರೀಲು ಕಿರುಚುತ್ತದೆಂದು ಕೇಳಿದ್ದೆ. ಇದು ಹಾಗಲ್ಲ. ಯಾರೋ ದಾರದ ತುದಿ ಕೈಯಲ್ಲಿ ಹಿಡಿದು, ನೀರಿನ ತಳದಲ್ಲಿ, ನಿಧಾನವಾಗಿ ನಡೆದು ಹೋಗುತ್ತಿದ್ದ ಹಾಗಿತ್ತು.

ದಾರ ಹೋದ ದಿಕ್ಕಿನಿಂದಲೇ ಕೇಳಿತು: "ಓ ವಾಸೂ..."

ಗಂಟೆ ಬಾರಿಸಿದಂಥ ಆ ದನಿ ನಮ್ಮಮ್ಮನದು. ಕಡೆಯ ಅಕ್ಷರವನ್ನು ಅಂಗಳದಾಚೆಗೂ ಎಳೆಯುವ ರೀತಿ ಇನ್ನಾರದ್ದೂ ಅಲ್ಲ. ಅಮ್ಮ ಇನ್ನೂರು ಮೈಲಿ ಆಚೆ ಕುಚ್ಚಲಕ್ಕಿ ಗಂಜಿ ಬಸಿಯುತ್ತಿರಬೇಕು. ನನ್ನ ನಾಲಿಗೆ ಆಗಲೇ ಎದ್ದಿತ್ತು.

"ಓಯ್" ಎಂದ ಈರಣ್ಣ, ಬಹಳ ಮೆಲ್ಲಗೆ. "ಕಚ್ಕಳಿ."

ಟವೆಲಿನ ಚುಂಗು ಕಚ್ಚಿಕೊಂಡೆ. ಮತ್ತೊಮ್ಮೆ ಕೂಗಿತು, ಈ ಸಲ ಸ್ವಲ್ಪ ಅಳುಕಿನಿಂದ, ದಾರಿ ತಪ್ಪಿದವರು ಕೂಗಿದಂತೆ. ಓಗೊಡದೆ ಕೂತಿರುವುದು ನಮ್ಮ ಕಡಲಲ್ಲಿ ಪಾಪ. ಕಣ್ಣಲ್ಲಿ ನೀರು ಬಂತು. "ಬಂಡೆ ಇರಬೇಕು, ಪ್ರತಿಧ್ವನಿ" ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಮೊದಲು ಯಾರಾದರೂ ಕೂಗಿದ್ದರೆ ತಾನೇ ಪ್ರತಿಧ್ವನಿ?

ದಾರ ಥಟ್ಟನೆ ಸಡಿಲವಾಯಿತು. ಸುತ್ತಿದೆ. ತುದಿಯಲ್ಲಿ ಈರಣ್ಣನ ಮಾತಿನಂತೆಯೇ ಒಂದು ಕೊರವ, ತೊಡೆಯಲ್ಲದಿದ್ದರೂ ಮೊಣಕೈ ಗಾತ್ರದ್ದು. ಒದ್ದಾಡದೆ ಬಂತು.

ದಡ ಮುಟ್ಟುವಾಗ ಬಿಸಿಲು ಬಿದ್ದಿತ್ತು, ಬಸ್ಸಿನ ಹೊತ್ತಾಗಿತ್ತು. ಮೀನನ್ನು ಈರಣ್ಣನ ಮನೆಗೆ ಕೊಟ್ಟು ಓಡಿದೆ. ಗಿರಿಜೆ ಇಳಿದಳು, ಬೆಟ್ಟ ನೋಡಿ ಮುಖ ಸಿಂಡರಿಸಿದಳು, ಈರಣ್ಣನ ಅಂಗಳದಲ್ಲಿ ಸಾರು ಉಂಡಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

"ಸಪ್ಪೆ. ಕಡಲಿನ್ ಉಪ್ಪಿಲ್ಲೆ ಇದ್ರಗೆ" ಎಂದಳು. ನಾನು ಮನಸ್ಸಿನಲ್ಲೇ ಮರುದಿನದ ಬಸ್ಸಿನ ಹೊತ್ತು ಎಣಿಸಿದೆ. ಮುಳ್ಳು ಬಿಡಿಸುತ್ತ ಸೇರಿಸಿದಳು: "ನಾಳೆಯಿಂದ ಮಸಾಲಿ ನಾನೇ ಅರೆದ್ ಹಾಕ್ತೆ."

ಉಳಿದಳು. ಗುರುಬಸಮ್ಮನವರು ಕೂಡ ಬೇಲಿಯಾಚೆ ಒಲೆ ಹೂಡಿಕೊಳ್ಳಲು ಬಿಟ್ಟರು, ನುಗ್ಗೆಕಾಯಿ ಮಾತ್ರ ತಪ್ಪಬಾರದೆಂಬ ಷರತ್ತಿನ ಮೇಲೆ. ತೆಪ್ಪ ಮಗುಚಲಿಲ್ಲ, ಕಿವಿ ಹರಿಯಲಿಲ್ಲ, ಹಾವು ಬರಲಿಲ್ಲ. ಕೂಗಿದ್ದು ನಿಜ, ನಾನು ಓಗೊಡಲಿಲ್ಲ.

ಆದರೂ ಈಗ ರಜೆಗೆ ಊರಿಗೆ ಹೋದಾಗ ಅಮ್ಮ ಅಂಗಳದಿಂದ "ಓ ವಾಸೂ" ಎಂದರೆ ನಾನು ತಿರುಗುವುದು ಮೂರನೆಯ ಕೂಗಿಗೆ. ಕಿವಿ ಮಂದವಾಯಿತೆಂದು ಅಮ್ಮನಿಗೆ ಚಿಂತೆ. ಗಂಡನ ಹೆಸರು ಹೇಳದ ಗಿರಿಜೆಗೆ ಏನೂ ಗೊತ್ತಾಗಿಲ್ಲ. ಹ್ವಾಯ್ ಎಂದರೆ ಕೂಡಲೇ ತಿರುಗುತ್ತೇನಲ್ಲ. ಮಧುಗಿರಿಯಲ್ಲಾದರೆ, ಚಳಿಗಾಲದ ಬೆಳಗ್ಗೆ ಯಾರೂ ಕರೆಯದಿದ್ದರೂ ಬಾಗಿಲಿಗೆ ಬಂದು ನಿಲ್ಲುತ್ತೇನೆ, ಬಾಯಿಗೆ ಬಂದ ಓ ನುಂಗಿಕೊಳ್ಳುತ್ತೇನೆ.

ಆ ದಿನ ತಪ್ಪಿದ್ದು ಒಂದೇ, ಬಹಳ ಸಣ್ಣದು. ಬಸ್ಸಿನ ಅವಸರದಲ್ಲಿ ಕಲ್ಲು ಎತ್ತಿಕೊಳ್ಳಲು ಮರೆತೆ. ಮರುದಿನ ಈರಣ್ಣನೊಂದಿಗೆ ಏರಿಗೆ ಓಡಿದೆ.

"ನಿಮ್ದು ಯಾವ್ದು ಸೋಮಿ?" ಎಂದ.

ಎಲ್ಲ ಒಂದೇ ಥರ ಇದ್ದವು.