ನಾನು ಬೇಡಿದ್ದು ವಿದ್ಯಾಳ ಕೈ ನಡುಗಲೆಂದು

ತಾಯಿ ಬನಶಂಕರಿಯನ್ನು ನಂಬಿದವರಿಗೆಲ್ಲ ನಮಸ್ಕಾರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅವಳ ಮುಂದೆ ಸುಳ್ಳು ನಡೆಯದು.

ನಾನು ಪುಣೆಯಲ್ಲಿ ನರ್ಸಿಂಗ್ ಮೂರನೇ ವರ್ಷದಲ್ಲಿದ್ದೆ. ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ಎರಡು ಸಲ ಫೇಲಾಗಿದ್ದೆ. ಇನ್ನೊಂದು ಸಲ ಫೇಲಾದರೆ ಓದು ಬಿಡಿಸುವುದಾಗಿ ಅಪ್ಪ ಪುಣೆ ಹತ್ತಿರದ ಚಾಕಣದಿಂದ ಫೋನ್ ಮಾಡಿ ಹೇಳಿದ್ದರು.

ನಮ್ಮ ಪರೀಕ್ಷೆ ನಡೆಯುವುದು ರೋಗಿಯಂತೆ ಮಲಗಿಸಿದ ಗೊಂಬೆಯ ಮೇಲೆ. ಐದು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ. ನಾವು ಬಾಯಿಬಿಟ್ಟು ಹೇಳಿದ ಪ್ರತಿ ಹಂತಕ್ಕೂ ಪರೀಕ್ಷಕಿ ತಮ್ಮ ಪಟ್ಟಿಯಲ್ಲಿ ಟಿಕ್ ಹಾಕುತ್ತಾರೆ. ನನ್ನ ರೂಮ್‌ಮೇಟ್ ವಿದ್ಯಾ, ಬೆಳಗಾವಿಯವಳು, ಗೊಂಬೆಯನ್ನು ಕಣ್ಣೆತ್ತಿಯೂ ನೋಡದೆ "ರೋಗಿಗೆ ವಿವರಿಸಿದೆ, ಒಪ್ಪಿಗೆ ಪಡೆದೆ" ಎಂದು ಪಟಪಟ ಒದರಿ ಪ್ರತಿ ಸಲ ಮೊದಲು ಬರುತ್ತಿದ್ದಳು. ನಾನೋ ಪೆದ್ದಿ. ಗೊಂಬೆಯ ಕಿವಿಗೆ ಬಗ್ಗಿ "ಅಂಜಬ್ಯಾಡ್ರಿ ಅಜ್ಜಿ" ಎಂದು ಸಮಾಧಾನ ಹೇಳುತ್ತಿರುವಾಗಲೇ ಗಂಟೆ ಹೊಡೆದುಬಿಡುತ್ತಿತ್ತು. ಆ ಟಿಕ್ಕಿನ ಸದ್ದಿಗೇ ನನ್ನ ಕೈ ನಡುಗುತ್ತಿತ್ತು.

ಅವಳ ಅಂಕ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅವಳು ಇಸ್ತ್ರಿ ಮಾಡಿದ ಏಪ್ರನ್ ಹಾಕಿಕೊಂಡರೂ ನನಗೆ ಸಿಟ್ಟು. ಹುಡುಗಿ ಒಳ್ಳೆಯವಳು ಬೇರೆ, ಅದಂತೂ ಸಹಿಸಲಾಗದು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಬೇಡಿಕೊಂಡೆ: "ತಾಯಿ, ನಾನು ಪಾಸಾಗದಿದ್ದರೂ ಸರಿ, ಅವಳ ಕೈ ಒಮ್ಮೆ ನಡುಗಿಸು."

ಎಂಟು ದಿನದೊಳಗೆ ನಡುಗಿತು. ವಾರ್ಡಿನಲ್ಲಿ ಇಂಡಿ ಊರ ಕಡೆಯ ಕನ್ನಡದ ಅಜ್ಜಿಯೊಬ್ಬರ ರಕ್ತ ತೆಗೆಯಬೇಕಿತ್ತು. ವಿದ್ಯಾ ಅಭ್ಯಾಸಬಲದಿಂದ ಜೊತೆಗಿದ್ದ ಟೀಚರ್ ಮೇಡಂ ಕಡೆ ತಿರುಗಿ "ರೋಗಿಗೆ ವಿವರಿಸಿದೆ" ಎಂದವಳೇ ಸೂಜಿ ಎತ್ತಿದಳು. ಅಜ್ಜಿ ಕೈ ಕಸಿದುಕೊಂಡರು.

"ಯಾರ ಜೋಡಿ ಮಾತಾಡಾಕತ್ತೀ? ಕೈ ನಂದದ, ನನಗ ಹೇಳು!"

ವಿದ್ಯಾಳ ಬೆರಳು ಗಡಗಡ ನಡುಗಿದವು. ಆಗ ನನಗಾದ ಖುಷಿಯನ್ನು ಹೇಳಿದರೆ ನೀವು ನನ್ನನ್ನು ಮನೆಯೊಳಗೆ ಸೇರಿಸಲಾರಿರಿ. ಮೇಡಂ ಸೂಜಿ ನನಗೆ ಕೊಟ್ಟರು. ನಾನು ಅಜ್ಜಿಯ ಪಕ್ಕ ಕುಳಿತು ಊರು ಕೇಳಿದೆ.

"ಇರುವಿ ಕಚ್ಚಿದಂಗ ಆಗ್ತದ್ರಿ ಅಜ್ಜಿ. ರಕ್ತ ತಗೊಳ್ಳಲೇನ್ರಿ?"

"ತಗೋ ನನ್ನವ್ವ."

ಒಂದೇ ಚುಚ್ಚಿಗೆ ರಕ್ತ ಬಂತು. ನನ್ನ ಕೈ ಅಲುಗಲಿಲ್ಲ.

ಅಂದು ಸಂಜೆ ವಿದ್ಯಾ ಹಾಸಿಗೆಯ ಮೇಲೆ ಕುಳಿತು ಅತ್ತಳು. "ನಾ ಬರೇ ಗೊಂಬಿ ಮ್ಯಾಲ ಪಾಸಾದಾಕಿ ಆದ್ನಲ್ಲ! ಮಂದಿ ಜೋಡಿ ಹೆಂಗ ಮಾತಾಡೂದು, ಕಲಿಸು ನನಗ. ನಾ ನಿನಗ ಪಟ್ಟಿ ಬಾಯಿಪಾಠ ಮಾಡಸ್ತೀನಿ."

ಕಲಿಸಬಾರದು ಅಂತಲೇ ಇದ್ದೆ. ಆದರೆ ಬಸ್ಸಿನಲ್ಲಿ ಬೇಡಿದ್ದು ನೆನಪಾಗಿ ಅವಳ ಎದುರಿಗೆ ಹೋಗಿ ಕುಳಿತೆ. ಹದಿನೈದು ದಿನ ಅವಳು ಪರೀಕ್ಷಕಿಯಾದಳು, ನಾನು ಜಗಳಗಂಟಿ ಅಜ್ಜಿಯಾದೆ. ಮೂರನೇ ಸಲ ನಾನು ಪಾಸಾದೆ. ಅಪ್ಪ ಪೇಢೆ ಹಂಚಿದರು. ಮೊದಲು ಬಂದವಳು ಮತ್ತೆ ವಿದ್ಯಾನೇ, ಇನ್ನಾರು!

ಈಗ ಇಬ್ಬರಿಗೂ ಒಂದೇ ವಾರ್ಡು. ನಿನ್ನೆ ನಾನು ಸೂಜಿ ಹಿಡಿದು ನಿಂತಿದ್ದರೂ ಮುದುಕರೊಬ್ಬರು "ವಿದ್ಯಾನ್ನ ಕರೀರಿ, ಆಕಿ ಚಂದ ಹೇಳ್ತಾಳ" ಎಂದರು. ಹೊಟ್ಟೆ ಉರಿದೇ ಉರಿಯಿತು. ಆದರೂ ಹೋಗಿ ಅವಳನ್ನು ಕರೆತಂದೆ. ತಾಯಿ ನನ್ನನ್ನು ಪಾಸು ಮಾಡಿಸಿದ್ದು ದೊಡ್ಡದೇ. ಆದರೆ ವಿದ್ಯಾಳನ್ನು ಕರೆಯಲು ಆ ನಾಲ್ಕು ಹೆಜ್ಜೆ ನನ್ನಂಥ ಹೊಟ್ಟೆಕಿಚ್ಚಿನವಳನ್ನು ನಡೆಸಿದಳಲ್ಲ, ಅದಕ್ಕೆ ತಾಯಿಗೆ ಅಡ್ಡಬಿದ್ದೆ.