ಸಿಸ್ಟರ್ ಲಿಡ್ವಿನಾ ಅವರ ಸ್ವಿಚ್ಚು

ಆಸ್ಪತ್ರೆಗೆ ಯಾವ ಯಂತ್ರ ಬಂದರೂ ಸಿಸ್ಟರ್ ಲಿಡ್ವಿನಾ ಮೊದಲು ಅದರ ಕೈಪಿಡಿ ಹಿಡಿದು ಕೂರುತ್ತಿದ್ದರು. ಜನರೇಟರಾಗಲಿ, ಅಡುಗೆಮನೆಯ ಗ್ರೈಂಡರಾಗಲಿ, ಕೊನೆಯ ಪುಟದವರೆಗೂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಓದಿದ ಮೇಲೆಯೇ ಪ್ಲಗ್ ಹಾಕಲು ಬಿಡುತ್ತಿದ್ದುದು. ಗಿಡ್ಡ ದೇಹ, ದಪ್ಪ ಕನ್ನಡಕ, ಮನೆಮಾತು ಕೊಂಕಣಿ. ಹೊಸಂಗಡಿಯ ಹತ್ತಿರ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಆ ಸಣ್ಣ ಆಸ್ಪತ್ರೆಯ ಕಚೇರಿ ಅವರ ಕೈಯಲ್ಲಿತ್ತು.

ತೊಂಬತ್ತೊಂಬತ್ತರಲ್ಲಿ ಅಲ್ಲಿಗೆ ಹತ್ತು ಕಂಪ್ಯೂಟರು ಬಂದವು. ಅವುಗಳನ್ನು ನೋಡಿಕೊಳ್ಳಲು ನಾನು ಬಂದೆ. ಬಾಯಾರು ಊರಿನವ, ಆರು ತಿಂಗಳ ಡಿಪ್ಲೊಮಾ, ಕುತ್ತಿಗೆಗೆ ಟೈ. ಕೈಪಿಡಿ ಓದುವುದು ಏನೂ ತಿಳಿಯದವರ ಕೆಲಸ ಎಂದು ನಂಬಿದ್ದವನು. ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ, ಸ್ವಿಚ್ಚು ಎಂಬ ಪೆಟ್ಟಿಗೆಯನ್ನು ಗೋಡೆಗೆ ಬಿಗಿದೆ. ಹಸಿರು ದೀಪಗಳು ಮಿನುಗಿದ್ದೇ, "ಇನ್ನು ಇದಕ್ಕೆ ಯಾರೂ ಕೈ ಹಾಕಲಿಕ್ಕೆ ಸಾಧ್ಯವಿಲ್ಲ ಸಿಸ್ಟರ್" ಎಂದು ಘೋಷಿಸಿ ಚಹಾ ಕುಡಿಯಲು ಹೋದೆ.

ಮರಳಿ ಬಂದು ಕಂಪ್ಯೂಟರಿನಿಂದ ಅದರ ಸೆಟ್ಟಿಂಗ್ ತೆರೆಯಹೋದರೆ ಸ್ವಿಚ್ಚು ನನ್ನನ್ನೇ ಒಳಗೆ ಬಿಡಲಿಲ್ಲ. ಮೂರು ಸಲ ಪಾಸ್‌ವರ್ಡ್ ಹೊಡೆದೆ. "ಪೀಸೇ ಹಾಳು" ಎಂದೆ.

"ಪೀಸ್ ಸರಿ ಉಂಟು," ಎಂದರು ಸಿಸ್ಟರ್, ತಮ್ಮ ಕಂಪ್ಯೂಟರಿನ ಎದುರಿನಿಂದ ಏಳದೆ. "ಕಂಪನಿಯವರು ಪಾಸ್‌ವರ್ಡನ್ನು ಪುಸ್ತಕದಲ್ಲೇ ಅಚ್ಚು ಹಾಕಿದ್ದಾರೆ. ಕೂಡಲೇ ಬದಲಿಸಿ ಅಂತಲೂ ಬರೆದಿದ್ದಾರೆ. ನೀನು ಬದಲಿಸಲಿಲ್ಲ, ನಾನು ಬದಲಿಸಿದೆ. ರೋಗಿಗಳ ಗುಟ್ಟೆಲ್ಲ ಇದರಲ್ಲಿ ಹೋಗುವುದಲ್ಲವಾ ಮಾರಾಯ?"

ಆ ಪಾಸ್‌ವರ್ಡ್ ನನಗೆ ಹೇಳಲಿಲ್ಲ. ಬೇಕಾದಾಗ ತಾವೇ ಬಂದು ಹೊಡೆದು ಕೊಡುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ನಿಂತವು. ಲ್ಯಾಬಿನ ರಿಪೋರ್ಟು ಡಾಕ್ಟರಿಗೆ ತಲುಪುತ್ತಿಲ್ಲ. ಶಿರಿಯದಿಂದ ಜ್ವರದ ಮಗುವನ್ನು ಎತ್ತಿಕೊಂಡು ಬಂದಿದ್ದ ತಾಯಿ ಸಿಕ್ಕವರನ್ನೆಲ್ಲ "ಎಂತ ಆಯ್ತು?" ಎಂದು ಕೇಳುತ್ತಿದ್ದಳು. ನಾನು "ವೈರಸ್!" ಎಂದು ಸಾರಿ ಒಂದು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಪೂರ್ತಿ ಅಳಿಸಿಯೇಬಿಟ್ಟೆ. ಸಿಸ್ಟರ್ ಮೊದಲು ಮಗುವಿನ ರಿಪೋರ್ಟನ್ನು ಕೈಯಲ್ಲಿ ಬರೆಸಿ ಡಾಕ್ಟರಿಗೆ ಕಳಿಸಿದರು. ಆಮೇಲೆ ಸ್ವಿಚ್ಚಿನ ಎದುರು ನಿಂತು, ದೀಪಗಳನ್ನು ನೋಡುತ್ತಾ, ವೈರುಗಳನ್ನು ಒಂದೊಂದಾಗಿ ಕಿತ್ತರು. ಏಳನೆಯದನ್ನು ಕಿತ್ತಾಗ ಉಳಿದ ಕಂಪ್ಯೂಟರುಗಳಿಗೆ ಜೀವ ಬಂತು. ಅದು ಔಷಧಿ ಕೋಣೆಯ ವೈರು. ಅಲ್ಲಿ ನೆಲದಲ್ಲಿ ಬಿದ್ದಿದ್ದ ಒಂದು ತುಂಡು ವೈರಿನ ಎರಡೂ ತುದಿಗಳನ್ನು ಯಾರೋ ಸ್ವಿಚ್ಚಿಗೆ ಹೋಗುವ, ಗೋಡೆಯ ಎರಡು ಖಾಲಿ ಸಾಕೆಟ್ಟುಗಳಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದರು. ಕಂಪ್ಯೂಟರುಗಳು ಕಳಿಸಿದ್ದೆಲ್ಲ ಅಲ್ಲೇ ಸುತ್ತಿ ಸುತ್ತಿ ದಾರಿ ಕಟ್ಟಿತ್ತು.

"ಖಾಲಿ ಇದ್ದದ್ದನ್ನೆಲ್ಲ ಬಂದ್ ಮಾಡು ಅಂತ ಹೇಳಿದ್ದೆನಲ್ಲ?"

ಹೇಳಿದ್ದರು, ಪುಟಸಂಖ್ಯೆ ಸಮೇತ. ಆ ದಿನ ಅವರ ಪಕ್ಕದಲ್ಲಿ ಕೂತು, ಸ್ವಿಚ್ಚಿನಲ್ಲಿ ವೈರು ಸಿಕ್ಕಿಸುವ, ಬಳಕೆಯಲ್ಲಿಲ್ಲದ ಪೋರ್ಟುಗಳನ್ನೆಲ್ಲ ಮುಚ್ಚಿದೆ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವಿಚಾರಿಸಲು ಆಸ್ಪತ್ರೆಯ ಮುಖ್ಯಸ್ಥೆ ಮದರ್ ಬಂದಾಗ ಟೈಯ ತುದಿ ನೋಡುತ್ತಾ ನಿಂತೆ.

"ರಮೇಶ ಮತ್ತು ನಾನು ಹುಡುಕಿ ಸರಿ ಮಾಡಿದೆವು ಮದರ್," ಎಂದರು ಸಿಸ್ಟರ್. ನಾನು ಅಳಿಸಿದ ಕಂಪ್ಯೂಟರಿನ ಸುದ್ದಿ ಎತ್ತಲೇ ಇಲ್ಲ.

ಮರುವರ್ಷ ಅವರಿಗೆ ದೂರದ ಕಾನ್ವೆಂಟಿಗೆ ವರ್ಗವಾಯಿತು. ಹೊರಡುವ ದಿನ ಬ್ಯಾಗನ್ನು ಬಾಗಿಲಲ್ಲಿಟ್ಟು ನನ್ನನ್ನು ಕರೆದು, ಸ್ವಿಚ್ಚನ್ನು ತೆರೆದು ಕೊಟ್ಟರು. "ಹೊಸ ಪಾಸ್‌ವರ್ಡ್ ಹಾಕು. ಇಲ್ಲಿಂದ ಹೋದ ಮೇಲೆ ಅದು ನನಗೆ ಗೊತ್ತಿರಬಾರದು," ಎಂದು ಗೋಡೆಯ ಕಡೆ ತಿರುಗಿ ನಿಂತರು. ನಾನು ಹೊಡೆದೆ.

"ಆರು ಸಲ ಟಕ್ ಅಂತು. ನಿನ್ನ ಹೆಸರಲ್ಲವಾ ಅದು?"

ಇಂಗ್ಲಿಷಿನಲ್ಲಿ ನನ್ನ ಹೆಸರಿಗೆ ಆರೇ ಅಕ್ಷರ. ಅಳಿಸಿದೆ. ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ನಾನು ಉದ್ದದ್ದೊಂದನ್ನು ಯೋಚಿಸಿ, ತಪ್ಪಿ, ಮತ್ತೆ ಹೊಡೆದು ಮುಗಿಸುವವರೆಗೂ ಅವರು ಗೋಡೆಗೆ ಮುಖ ಮಾಡಿ ನಿಂತೇ ಇದ್ದರು. ಆಮೇಲೆ ಸ್ಕ್ರೀನಿನ ಕಡೆ ಕಣ್ಣೆತ್ತದೆ, ಬ್ಯಾಗ್ ಎತ್ತಿಕೊಂಡು ಹೋದರು. ಮತ್ತೆ ನಾನು ಅವರನ್ನು ಕಾಣಲಿಲ್ಲ.